ಇರುವೆ ಗೂಡು ತುಂಬಿ ತುಳುಕ್ತಿದೆ, ಏನ್ ಮಾಡ್ಲಿ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಮನೇಲಿ ಇರುವೆ ಸಾಕೋದ್ರ ಬಗ್ಗೆನೇ, ಅದ್ರಲ್ಲೂ ಬೇಗ ಬೆಳೆಯೋ ಜಾತಿ ತಂದಿಟ್ಕೊಂಡು ಗಾಬರಿ ಆಗಿರೋರೇ ಜಾಸ್ತಿ. ಹಾಗಾಗಿ ಈ ಕಂತು ಪೂರ್ತಿ ಇರುವೆಗೇ ಕೊಟ್ಟಿದೀನಿ. ಒಂದೇ ಥರ ಇದ್ದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಾಲ್ಕು ತಿಂಗಳ ಹಿಂದೆ ಒಂದು ರಾಣಿ ಇರುವೆ ಸಿಕ್ತು, ಟೆಸ್ಟ್ ಟ್ಯೂಬ್‌ನಲ್ಲಿ ಇಟ್ಟೆ. ದೊಡ್ಡ ತಲೆ ಇರುವೆ ಅಂತಾರಲ್ಲ, ಫೈಡೋಲೆ, ಆ ಜಾತಿ. ಮೊದಲ ಸಲ ಬಂದಿದ್ದು ಆರೇ ಆರು ಮರಿ, ಈಗ ಎಣಿಸೋಕೇ ಆಗ್ತಿಲ್ಲ, ಮುನ್ನೂರು ದಾಟಿರಬಹುದು. ಟ್ಯೂಬಲ್ಲಿ ಜಾಗನೇ ಇಲ್ಲ. ಒಂದೇ ಸಲ ದೊಡ್ಡ ಗೂಡು ತಂದು ಹಾಕಿಬಿಡ್ಲಾ, ಪದೇ ಪದೇ ಬದಲಾಯಿಸೋ ತಾಪತ್ರಯ ತಪ್ಪತ್ತೆ ಅಂತ?

ಉತ್ತರ: ಬೇಡ, ದಯವಿಟ್ಟು ಬೇಡ. ಚೆನ್ನಾಗಿ ಬೆಳೀತಿದ್ದ ಗೂಡುಗಳು ಇದೊಂದೇ ತಪ್ಪಿಂದ ಹಾಳಾಗಿರೋದು ಬೇಕಾದಷ್ಟು ನೋಡಿದೀನಿ, ನನ್ನದೂ ಒಂದು ಸೇರಿ.

ಮೊದ್ಲು ಅದು ಇಷ್ಟು ಜೋರಾಗಿ ಯಾಕೆ ಬೆಳೀತು ಅಂತ ತಿಳ್ಕೊಳ್ಳಿ, ಮುಂದಿನದು ತಾನಾಗೇ ಅರ್ಥ ಆಗತ್ತೆ. ನಿಮ್ಮ ರಾಣಿ ಒಂಟಿಯಾಗಿದ್ದಾಗ ಹೊರಗಿಂದ ಏನೂ ತಿಂದಿಲ್ಲ. ರೆಕ್ಕೆ ಉದುರಿಸ್ಕೊಂಡ ಮೇಲೆ, ಆ ರೆಕ್ಕೆ ಬಡಿಯೋಕೆ ಇದ್ದ ಮಾಂಸಖಂಡನ, ಮೈಯಲ್ಲಿದ್ದ ಕೊಬ್ಬನ್ನ ಕರಗಿಸಿ ಅದನ್ನೇ ಮೊದಲ ಮರಿಗಳಿಗೆ ಉಣಿಸಿದಾಳೆ. ಅದಕ್ಕೇ ಮೊದಲ ಸಲದ ಕೆಲಸಗಾರ್ತಿಯರು ಅಷ್ಟು ಪುಟ್ಟವು, ಅಷ್ಟು ಕಮ್ಮಿ. ಆ ಹಂತದಲ್ಲಿ ಗೂಡು ನಿಧಾನ ಆಗೋದು ಮೊಟ್ಟೆ ಸಾಲದೆ ಅಲ್ಲ, ಉಣಿಸೋರು ಸಾಲದೆ. ಆರು ಜನ ಸಾಕೋಕೆ ಆಗೋದು ಹತ್ತು ಹದಿನೈದು ಲಾರ್ವಾ (ಮೊಟ್ಟೆಯಿಂದ ಬಂದ ಹುಳದಂಥ ಮರಿ) ಅಷ್ಟೇ, ಆ ಹದಿನೈದೂ ದೊಡ್ಡವಾದ್ರೆ ನಲವತ್ತು ಸಾಕ್ತವೆ, ನಲವತ್ತು ಜನ ನೂರನ್ನ ಸಾಕ್ತಾರೆ, ಹೀಗೆ ಹೋಗತ್ತೆ ಲೆಕ್ಕ. ಫೈಡೋಲೆಗೆ 27–28 ಡಿಗ್ರಿ ಸೆಲ್ಸಿಯಸ್ ಬಿಸಿ ಸಿಕ್ರೆ ಮೊಟ್ಟೆಯಿಂದ ಇರುವೆ ಆಗೋಕೆ ಸುಮಾರು 4 ವಾರ ಸಾಕು. ಅಂದ್ರೆ ಮೊದಲ ಎರಡು ತಿಂಗಳು ಏನೂ ಆಗ್ತಿಲ್ಲ ಅನ್ಸಿ, ಮೂರನೇ ತಿಂಗಳಿಗೆ ಒಮ್ಮೆಗೇ ಕಟ್ಟೆ ಒಡೆದ ಹಾಗೆ ಆಗತ್ತೆ. ನಿಮ್ಮಲ್ಲಿ ಆಗಿರೋದೂ ಇದೇ. ಗಾಬರಿ ಪಡೋದೇನಿಲ್ಲ, ನೀವು ಚೆನ್ನಾಗಿ ನೋಡ್ಕೊಂಡಿದೀರ ಅಂತ ಅರ್ಥ.

ಈಗ ದೊಡ್ಡ ಗೂಡಿನ ವಿಷ್ಯ. ನಾನು ಶುರು ಮಾಡಿದ ಹೊಸದ್ರಲ್ಲಿ ಎಂಭತ್ತು ಇರುವೆನ ಸಾವಿರಾರು ಇರುವೆ ಹಿಡಿಸೋ ಗೂಡಿಗೆ ಬಿಟ್ಟಿದ್ದೆ. ಅವು ಒಂದು ಮೂಲೆ ಹಿಡಿದು ಕೂತ್ವು, ಮಿಕ್ಕ ಕೋಣೆಗಳನ್ನೆಲ್ಲ ಕಸದ ತೊಟ್ಟಿ ಮಾಡ್ಕೊಂಡ್ವು, ಅರ್ಧ ತಿಂದ ಹುಳದ ಕಾಲು, ತಲೆ, ಚಿಪ್ಪು ಎಲ್ಲಾ ತಂದು ತೇವ ಇರೋ ಕೋಣೇಲೇ ಗುಡ್ಡೆ ಹಾಕಿದ್ವು. ಒಂದು ವಾರಕ್ಕೆ ಬಿಳೀ ಬೂಷ್ಟು ಬಂತು, ಗೂಡು ಬಿಚ್ಚದೆ ಅದನ್ನ ತೆಗೆಯೋಕೆ ದಾರಿನೇ ಇರ್ಲಿಲ್ಲ. ಬಿಚ್ಚಿದೆ, ಗಲಾಟೆಗೆ ಹೆದರಿ ಅವು ಮೊಟ್ಟೆ ತಿಂದ್ಕೊಂಡ್ವು. ಅರ್ಧಕ್ಕರ್ಧ ಹೋಯ್ತು. ಆಮೇಲೆ ಗೊತ್ತಾಯ್ತು, ಇರುವೆಗೆ ಇಕ್ಕಟ್ಟು ಅಂದ್ರೆ ಕಷ್ಟ ಅಲ್ಲ, ಮೈಗೆ ಮೈ ತಾಗಿಸ್ಕೊಂಡು ಇರೋದೇ ಅವಕ್ಕೆ ಧೈರ್ಯ. ಇರೋ ಜಾಗದ ಮುಕ್ಕಾಲು ಭಾಗ ಇರುವೆ, ಮರಿ ಎಲ್ಲಾ ಸೇರಿ ತುಂಬಿದ ಮೇಲೆ ಅದರ ಒಂದೂವರೆಯಷ್ಟೋ ಎರಡರಷ್ಟೋ ಜಾಗ ಕೊಡಿ. ಗೂಡು ಯಾವಾಗ್ಲೂ ಇರುವೆ ಹಿಂದೆ ಬರ್ಬೇಕು, ಮುಂದೆ ಓಡ್ಬಾರ್ದು.

ನಿಮಗೆ ಈಗ ಬೇಕಿರೋದು ಇಷ್ಟೇ: ಅಡ್ಡಾಡೋಕೆ, ಊಟ ಇಡೋಕೆ ಒಂದು ಮುಚ್ಚಳದ ಡಬ್ಬಿ, ಅದಕ್ಕೆ ಜೋಡಿಸಿದ ಇನ್ನೊಂದೆರಡು ಟೆಸ್ಟ್ ಟ್ಯೂಬ್. 16 ಮಿಲಿಮೀಟರ್ ಅಗಲ, 150 ಮಿಲಿಮೀಟರ್ ಉದ್ದದ್ದು ಆದ್ರೆ ಆಯ್ತು. ಮೂರನೇ ಒಂದು ಭಾಗ ನೀರು ತುಂಬಿ, ಹತ್ತಿನ ಗಟ್ಟಿಯಾಗಿ ಉಂಡೆ ಮಾಡಿ ನೀರು ಮುಟ್ಟೋ ತನಕ ತಳ್ಳಿ, ಹತ್ತಿ ನೆನೆದಿರ್ಬೇಕು ಆದ್ರೆ ಈ ಕಡೆ ನೀರು ನಿಲ್ಲಬಾರ್ದು. ಹೊಸ ಟ್ಯೂಬನ್ನ ಕಪ್ಪು ಕಾಗದದಲ್ಲಿ ಸುತ್ತಿ, ಹಳೇದ್ರ ಮೇಲಿನ ಹೊದಿಕೆ ತೆಗೆದುಬಿಡಿ, ಕತ್ತಲು ಹುಡುಕ್ಕೊಂಡು ಅವೇ ಹೊಸದಕ್ಕೆ ಹೋಗ್ತವೆ. ಬಿಸಿಲಲ್ಲಿ ಮಾತ್ರ ಇಡಬೇಡಿ, ಗಾಜಿನ ಟ್ಯೂಬ್ ಬಿಸಿಲಿಗೆ ಕೆಲವೇ ನಿಮಿಷದಲ್ಲಿ ಒಲೆ ಥರ ಕಾಯತ್ತೆ, ಇಡೀ ಗೂಡು ಸತ್ತೇ ಹೋಗತ್ತೆ. ರೂಮಿನ ಬೆಳಕೇ ಸಾಕು.

ಆಮೇಲೆ ಪಕ್ಕದಲ್ಲಿ ಒಂದು ಕುರ್ಚಿ ಹಾಕ್ಕೊಂಡು ಸುಮ್ನೆ ಕೂತ್ಕೊಳ್ಳಿ, ಇದನ್ನ ನೋಡದೆ ಬಿಡಬೇಡಿ. ಮೊದ್ಲು ಒಂದೇ ಒಂದು ಇರುವೆ ಬಂದು ಹೊಸ ಟ್ಯೂಬಿನ ಗಾಜನ್ನ ಮೀಸೆಯಿಂದ ತಟ್ಟಿ ತಟ್ಟಿ ನೋಡತ್ತೆ, ಒಳಗೆ ಹೋಗಿ ಒದ್ದೆ ಹತ್ತಿ ಮುಟ್ಟಿ ವಾಪಸ್ ಓಡತ್ತೆ. ಸ್ವಲ್ಪ ಹೊತ್ತಿಗೆ ಮೂರು, ಆಮೇಲೆ ಹತ್ತು. ಯಾವಾಗ ಒಂದು ಇರುವೆ ಬಾಯಲ್ಲಿ ಬೆಳ್ಳಗಿನ ಲಾರ್ವಾ ಹಿಡ್ಕೊಂಡು ಹೊರಗೆ ಬಂತೋ ಆಗ ತೀರ್ಮಾನ ಆಗಿದೆ ಅಂತ ಅರ್ಥ, ಮೊಟ್ಟೆ ಮುದ್ದೆ ಮುದ್ದೆಯಾಗಿ ಹೋಗತ್ತೆ, ದೊಡ್ಡ ತಲೆಯ ಸೈನಿಕರು ದಾರಿ ಪಕ್ಕ ನಿಲ್ತವೆ, ಎಲ್ಲೋ ನಡುವೆ ರಾಣಿ ನಾಲ್ಕಾರು ಜನರ ಮಧ್ಯೆ ಹೊಟ್ಟೆ ಎಳ್ಕೊಂಡು ದಾಟ್ತಾಳೆ. ಕೆಲವು ಸಲ ಒಂದು ಗಂಟೇಲಿ ಮುಗಿಯತ್ತೆ, ಕೆಲವು ಸಲ ಎರಡು ಮೂರು ದಿನ. ತಟ್ಟಿ ಕುಟ್ಟಿ ಸುರಿಯೋಕೆ ಹೋಗಬೇಡಿ, ಅವಕ್ಕೆ ಬೇಕು ಅನ್ಸಿದಾಗ ಹೋಗ್ತವೆ.

ಪ್ರಶ್ನೆ: ನಂದು ಸಾವಿರದ ಮೇಲಾಗಿದೆ. ಖುಷಿನೇ, ಆದ್ರೆ ಇದೇ ವೇಗದಲ್ಲಿ ಹೋದ್ರೆ ಜಾಗ, ಟೈಮ್ ಎರಡೂ ಸಾಲಲ್ಲ. ಬೆಳವಣಿಗೆನ ನಿಧಾನ ಮಾಡೋಕಾಗತ್ತಾ, ಅವಕ್ಕೆ ತೊಂದ್ರೆ ಕೊಡದೆ?

ಉತ್ತರ: ಆಗತ್ತೆ, ಅದು ನಿಮ್ಮ ಕೈಯಲ್ಲೇ ಇದೆ. ಬೇಗ ಬೆಳೆಯೋ ಗೂಡಿಗೆ ಆಕ್ಸಿಲರೇಟರ್ ಎರಡು, ಒಂದು ಪ್ರೊಟೀನ್, ಇನ್ನೊಂದು ಬಿಸಿ.

ಪೂರ್ತಿ ಬೆಳೆದ ಇರುವೆಗಳು ಗಟ್ಟಿ ಪದಾರ್ಥ ನುಂಗಲ್ಲ, ಅವುಗಳ ಸೊಂಟ ಎಷ್ಟು ಸಣ್ಣ ಅಂದ್ರೆ ರಸ ಬಿಟ್ಟು ಬೇರೇನೂ ಆಚೆ ಹೋಗಲ್ಲ. ಅವಕ್ಕೆ ಓಡಾಡೋ ಶಕ್ತಿ ಬರೋದು ಸಿಹಿ ನೀರಿಂದ. ಹುಳದ ಮಾಂಸ ಹೋಗೋದು ಮುಖ್ಯವಾಗಿ ಲಾರ್ವಾಗಳಿಗೆ, ಮೊಟ್ಟೆ ಇಡೋ ರಾಣಿಗೆ. ಅಂದ್ರೆ ನೀವು ಕೊಡೋ ಒಂದೊಂದು ಮಿಡತೆ, ಒಂದೊಂದು ಮೀಲ್‌ವರ್ಮ್ ಹುಳದ ತುಂಡು ಮುಂದಿನ ತಿಂಗಳ ಇರುವೆ ಅಂತಾನೇ ಲೆಕ್ಕ. ವಾರಕ್ಕೆ ಮೂರು ಸಲ ಕೊಡ್ತಿದ್ರೆ ಒಂದಕ್ಕೆ ಇಳಿಸಿ, ಆಮೇಲೆ ಹತ್ತು ದಿನಕ್ಕೊಂದು. ಲಾರ್ವಾ ಕಮ್ಮಿ ಆಗ್ತವೆ, ಕೆಲವು ಮೊಟ್ಟೆ, ಲಾರ್ವಾನ ಅವೇ ತಿಂದ್ಕೊಳ್ತವೆ. ನೋಡೋಕೆ ಸಂಕಟ ಅನ್ಸತ್ತೆ, ಆದ್ರೆ ಕಾಡಲ್ಲೂ ಆಹಾರ ಸಾಲದೆ ಹೋದಾಗ ಅವು ಮಾಡೋದು ಅದನ್ನೇ. ಸಿಹಿ ನೀರು, ಕುಡಿಯೋ ನೀರು ಮಾತ್ರ ಒಂದು ದಿನಾನೂ ತಪ್ಪಿಸ್ಬೇಡಿ. ಒಂದು ಪಾಲು ಸಕ್ಕರೆ ಅಥವಾ ಜೇನಿಗೆ ಮೂರು ನಾಲ್ಕು ಪಾಲು ನೀರು, ಹತ್ತಿಲಿ ನೆನೆಸಿ ಇಡಿ. ಬರೀ ತಟ್ಟೇಲಿ ಹನಿ ಹಾಕಿಟ್ರೆ ಮುಳುಗಿ ಸಾಯ್ತವೆ.

ಬಿಸಿ ಕೇಬಲ್ ಹಾಕಿದ್ರೆ ತೆಗೆದುಬಿಡಿ. 22–24 ಡಿಗ್ರಿಗೆ ಬಂದ್ರೆ ರಾಣಿ ಮೊಟ್ಟೆ ಇಡೋದೂ ನಿಧಾನ, ಮರಿ ಬೆಳೆಯೋದೂ ನಿಧಾನ. ಸಣ್ಣ ಜಾತಿ ಕೆಲಸಗಾರ್ತಿಯರ ಆಯಸ್ಸು ಕೆಲವು ತಿಂಗಳು ಅಷ್ಟೇ, ಹಾಗಾಗಿ ಹುಟ್ಟೋದು ಕಮ್ಮಿ ಆದ್ರೆ ಎರಡು ಮೂರು ತಿಂಗಳಲ್ಲಿ ಸಂಖ್ಯೆ ತಾನಾಗೇ ಒಂದು ಕಡೆ ನಿಲ್ಲತ್ತೆ. ಒಮ್ಮೆಗೇ ಪ್ರೊಟೀನ್ ಪೂರ್ತಿ ನಿಲ್ಲಿಸೋದು ಮಾತ್ರ ಮಾಡ್ಬೇಡಿ, ಹಸಿದ ಗೂಡು ದಾರಿ ಹುಡುಕ್ಕೊಂಡು ಹೊರಗೆ ಬರೋಕೆ ನೋಡತ್ತೆ, ಮುಂದಿನ ಪ್ರಶ್ನೆ ಅದೇ.

ಪ್ರಶ್ನೆ: ನನ್ನ ಮಗ ಸಾಕ್ತಿದಾನೆ ಮೇಡಂ. ಮೊನ್ನೆ ಬೆಳಿಗ್ಗೆ ಎದ್ದು ನೋಡಿದ್ರೆ ಡಬ್ಬಿಯಿಂದ ಗೋಡೆಗೆ, ಗೋಡೆಯಿಂದ ಕಿಟಕಿಗೆ ಸಾಲು! ನಂಗೆ ಭಯ, ಮನೆಯೆಲ್ಲ ಗೂಡು ಕಟ್ಟಿಬಿಟ್ರೆ? ಸ್ಪ್ರೇ ಹೊಡೀಲಾ ಅಂದ್ರೆ ಮಗ ಅಳ್ತಾನೆ.

ಉತ್ತರ: ನಿಮ್ಮ ಮಗ ಅಳೋದ್ರಲ್ಲಿ ಅರ್ಥ ಇದೆಯಮ್ಮ, ಆ ರೂಮಲ್ಲಿ ಸ್ಪ್ರೇ ಹೊಡೆದ್ರೆ ಹೊರಗಿರೋವಷ್ಟೇ ಅಲ್ಲ ಡಬ್ಬಿ ಒಳಗಿನ ಗೂಡೂ ಸಾಯತ್ತೆ. ಮೊದ್ಲು ಒಂದು ಸಮಾಧಾನದ ವಿಷ್ಯ ಹೇಳ್ತೀನಿ. ರಾಣಿ ಒಳಗೇ ಇದ್ರೆ ಹೊರಗೆ ಬಂದವು ಹೊಸ ಗೂಡು ಕಟ್ಟಲ್ಲ. ಅವನ ಹತ್ರ ಇರೋದು ಫೈಡೋಲೆ ಅಂತ ಬರೆದಿದೀರ, ಆ ಜಾತಿ ಕೆಲಸಗಾರ್ತಿಯರಿಗೆ ಅಂಡಾಶಯಾನೇ ಇರಲ್ಲ. ಹಾಗಾಗಿ ಟಾರ್ಚ್ ಹಿಡಿದು ರಾಣಿ ಒಳಗಿದಾಳಾ ಅಂತ ಮೊದ್ಲು ನೋಡ್ಕೊಳ್ಳಿ.

ಸಾಲನ್ನ ಡಬ್ಬಿ ಕಡೆಯಿಂದ ಹಿಂಬಾಲಿಸಿದ್ರೆ ತೂತು ಎಲ್ಲಿದೆ ಅಂತ ಅವೇ ತೋರಿಸ್ತವೆ. ಮುಚ್ಚಿ, ಹೊರಗಿರೋವನ್ನ ಮೆತ್ತಗಿನ ಬ್ರಷ್‌ನಲ್ಲಿ ಒಳಗೆ ಗುಡಿಸಿ, ಸಾಲು ಹೋಗಿದ್ದ ದಾರಿನ ಸೋಪ್ ನೀರಲ್ಲಿ ಒರೆಸಿಬಿಡಿ. ಇರುವೆ ನಡೀತಾ ನಡೀತಾ ನೆಲಕ್ಕೆ ವಾಸನೆ ಹಚ್ಕೊಂಡು ಹೋಗತ್ತೆ, ಆ ವಾಸನೆ ಇರೋ ತನಕ ಹಿಂದಿನವು ಬರ್ತಾನೇ ಇರ್ತವೆ.

ಆಮೇಲೆ ಡಬ್ಬಿ ಒಳಗೋಡೆಯ ಮೇಲ್ಗಡೆ ಒಂದು ನಾಲ್ಕು ಸೆಂಟಿಮೀಟರ್ ಪಟ್ಟಿ ಅಗಲಕ್ಕೆ ಜಾರೋ ಲೇಪನ ಬೇಕೇ ಬೇಕು. ಫ್ಲುವಾನ್ ಅಂತ ಬರತ್ತೆ, ಅದಿಲ್ಲ ಅಂದ್ರೆ ಟಾಲ್ಕಂ ಪೌಡರನ್ನ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೆಳ್ಳಗೆ ಕಲಸಿ ಬ್ರಷ್‌ನಲ್ಲಿ ಬಳೀರಿ, ಆಲ್ಕೋಹಾಲ್ ಹಾರಿಹೋಗಿ ಪೌಡರ್ ಒಂದು ಪದರ ನಿಲ್ಲತ್ತೆ, ಹತ್ತೋಕೆ ಹೋದ ಇರುವೆ ಪುಡಿ ಜೊತೆ ಜಾರಿ ಕೆಳಗೆ ಬೀಳತ್ತೆ. ಬೆಂಕಿ ಹತ್ರ ಮಾಡ್ಬೇಡಿ, ಕಿಟಕಿ ತೆಗೆದಿಟ್ಟು ಮಾಡಿ, ಪೂರ್ತಿ ಒಣಗಿದ ಮೇಲೆನೇ ಇರುವೆ ಬಿಡಿ, ಇದು ದೊಡ್ಡೋರು ಮಾಡೋ ಕೆಲಸ. ಗಾಳೀಲಿ ತೇವ ಜಾಸ್ತಿ ಇದ್ರೆ ಪೌಡರ್ ಬೇಗ ಹಿಡಿತ ಬಿಡತ್ತೆ, ಎರಡು ವಾರಕ್ಕೊಮ್ಮೆ ಬೆರಳಲ್ಲಿ ಮುಟ್ಟಿ ನೋಡಿ. ಗಾಳಿ ತೂತಿಗೆ ಬಟ್ಟೆ, ಸ್ಪಂಜು ಹಾಕಿದ್ರೆ ಕಚ್ಚಿ ಕಚ್ಚಿ ದಾರಿ ಮಾಡ್ಕೊಳ್ತವೆ, ತುಂಬಾ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಅಂಟಿಸಿ. ಇನ್ನೂ ನಿದ್ದೆ ಬರಲ್ಲ ಅಂದ್ರೆ ಡಬ್ಬಿನ ಒಂದು ಅಗಲ ತಟ್ಟೇಲಿ ಇಟ್ಟು ಸುತ್ತ ನೀರು ಹಾಕಿ, ಒಂದು ಹನಿ ಪಾತ್ರೆ ತೊಳೆಯೋ ಸೋಪ್ ಸೇರಿಸಿ.

ಇಷ್ಟೆಲ್ಲ ಮಾಡಿದ್ರೂ ಪದೇ ಪದೇ ಹೊರಗೆ ಬರೋಕೆ ನೋಡ್ತಿದ್ರೆ ಒಳಗೆ ಏನೋ ಕೊರತೆ ಇದೆ ಅಂತ, ನೀರು ಒಣಗಿದೆಯಾ, ಬೂಷ್ಟು ಬಂದಿದೆಯಾ, ಜಾಗ ಸಾಲ್ತಿಲ್ವಾ ನೋಡಿ. ಮಗನ ಜೊತೆ ಕೂತು ನೀವೂ ನೋಡಿ, ಒಂದು ಹೊಟ್ಟೆ ತುಂಬಿದ ಇರುವೆ ಇನ್ನೊಂದರ ಬಾಯಿಗೆ ಬಾಯಿಟ್ಟು ಸಿಹಿ ಹನಿ ಕೊಡೋದು ಕಂಡ್ರೆ ಭಯ ಅರ್ಧ ಹೋಗತ್ತೆ.

ಪ್ರಶ್ನೆ: ಮಳೆ ಬಂದ ಸಂಜೆ ಲೈಟಿಗೆ ಬರೋ ರೆಕ್ಕೆ ಹುಳದಲ್ಲಿ ರಾಣಿ ಇರುವೆ ಯಾವುದು ಅಂತ ಹೇಗೆ ಗೊತ್ತಾಗತ್ತೆ? ನಾನು ಹಿಡಿದಿದ್ದು ಗೆದ್ದಲು ಅಂತ ಫ್ರೆಂಡ್ ಹೇಳ್ದ.

ಉತ್ತರ: ಮೀಸೆ, ಸೊಂಟ ನೋಡಿ. ಇರುವೆ ಮೀಸೆ ಮೊಣಕೈ ಥರ ಮಡಚಿರತ್ತೆ, ಸೊಂಟ ದಾರದಷ್ಟು ಸಣ್ಣ, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ಉದ್ದ. ಗೆದ್ದಲಿಗೆ ಮೀಸೆ ಮಣಿ ಪೋಣಿಸಿದ ಹಾಗೆ ನೆಟ್ಟಗಿರತ್ತೆ, ಸೊಂಟ ದಪ್ಪ, ನಾಲ್ಕೂ ರೆಕ್ಕೆ ಒಂದೇ ಅಳತೆ. ಇರುವೆಲಿ ಗಂಡಿಗೆ ತಲೆ ಪುಟ್ಟದು, ಮೈ ತೆಳ್ಳಗೆ, ಅದು ಕೂಡಿದ ಮೇಲೆ ಬೇಗ ಸಾಯತ್ತೆ. ರೆಕ್ಕೆ ಉದುರಿಸಿ ನೆಲದ ಮೇಲೆ ಜಾಗ ಹುಡುಕ್ತಾ ಓಡಾಡ್ತಿರೋ ದಪ್ಪ ಬೆನ್ನಿನವಳನ್ನ ಹಿಡೀರಿ, ಅವಳು ಕೂಡಿರೋ ಸಾಧ್ಯತೆ ಜಾಸ್ತಿ. ಅವತ್ತು ಒಳಗಿಟ್ಕೊಂಡ ವೀರ್ಯದಲ್ಲೇ ಅವಳು ಬದುಕಿರೋ ತನಕ ಹೆಣ್ಣು ಮರಿ ಮಾಡ್ತಾಳೆ.

ಪ್ರಶ್ನೆ: ಫ್ರೆಂಡ್ ಗೂಡಲ್ಲಿ ನೂರಾರು ಇವೆ, ನನ್ನ ಗೊದ್ದ ಐದು ತಿಂಗಳಾದ್ರೂ ಹನ್ನೆರಡೇ. ಬಿಸಿ ಹೆಚ್ಚಿಸ್ದೆ, ಊಟ ಹೆಚ್ಚಿಸ್ದೆ, ದಿನಾ ತೆಗೆದು ನೋಡ್ತೀನಿ, ಏನೂ ಪ್ರಯೋಜನ ಇಲ್ಲ.

ಉತ್ತರ: ದಿನಾ ತೆಗೆದು ನೋಡೋದೇ ತೊಂದ್ರೆ. ಗೊದ್ದ ಅಂದ್ರೆ ಕ್ಯಾಂಪೊನೋಟಸ್ ಗುಂಪು, ಅದಕ್ಕೆ ಮೊಟ್ಟೆಯಿಂದ ಇರುವೆ ಆಗೋಕೇ 6ರಿಂದ 10 ವಾರ ಬೇಕು, ಮೊದಲ ವರ್ಷದಲ್ಲಿ ಇಪ್ಪತ್ತು ಮೂವತ್ತು ಆದ್ರೆ ಅದೇ ಒಳ್ಳೇ ಬೆಳವಣಿಗೆ. ಫೈಡೋಲೆ ಪಕ್ಕ ಇಟ್ಟು ಹೋಲಿಸೋದು ಬಾಳೆ ಗಿಡದ ಪಕ್ಕ ಹಲಸಿನ ಸಸಿ ಇಟ್ಟ ಹಾಗೆ. ಒಳಗೆ ಕಂದು ಬಣ್ಣದ ಅಕ್ಕಿ ಕಾಳಿನ ಥರ ಏನಾದ್ರೂ ಇದೆಯಾ? ಎಷ್ಟೋ ಜನ ಅದನ್ನ ಮೊಟ್ಟೆ ಅಂದ್ಕೊಳ್ತಾರೆ, ಅದು ಲಾರ್ವಾ ತನ್ನ ಸುತ್ತ ರೇಷ್ಮೆ ನೇಯ್ದು ಒಳಗೆ ಮಲಗಿರೋ ಕೋಶ. ಫೈಡೋಲೆ ಕೋಶ ನೇಯಲ್ಲ, ಅದರ ಪ್ಯೂಪಾ, ಅಂದ್ರೆ ಲಾರ್ವಾ ಇರುವೆ ಆಗೋ ಮುಂಚಿನ ಹಂತ, ಬೆತ್ತಲೆ ಬಿಳೀ ಇರುವೆ ಥರಾನೇ ಕಾಣತ್ತೆ. ವಾರಕ್ಕೊಂದು ಸಲ ಊಟ ಕೊಡುವಾಗ ನೋಡಿದ್ರೆ ಸಾಕು. ಟ್ಯೂಬ್ ಅಲುಗಾಡಿದಾಗೆಲ್ಲ ರಾಣಿಗೆ ಅಪಾಯ ಅನ್ಸಿ ಮೊಟ್ಟೆ ತಿಂದ್ಕೊಳ್ತಾಳೆ. ಉಳಿದ ಊಟ ಮಾರನೇ ದಿನ ತೆಗೆದುಬಿಡಿ, ಜಾಸ್ತಿ ಹಾಕಿದ್ರೆ ಬೆಳೆಯೋದು ಬೂಷ್ಟು. ಹೊರಗಿಂದ ಹಿಡಿದ ಹುಳ ಕೊಡ್ಬೇಡಿ, ಔಷಧಿ ಹೊಡೆದ ಜಾಗದ್ದಾಗಿದ್ರೆ ಕಷ್ಟ, ಸಾಕಿದ ಹುಳನೇ ಆದ್ರೂ ಕುದಿಯೋ ನೀರಲ್ಲಿ ಒಂದು ಸಲ ಅದ್ದಿ ಕೊಡಿ, ನುಸಿ ಇದ್ರೆ ಸಾಯತ್ತೆ.

ಪ್ರಶ್ನೆ: ಆಂಟಿ, ನಾನು ಆರನೇ ಕ್ಲಾಸು. ಇರುವೆ ಗೂಡಿಗೆ ಕೆಂಪು ಪ್ಲಾಸ್ಟಿಕ್ ಯಾಕೆ ಹಾಕ್ತಾರೆ? ಮತ್ತೆ ಸತ್ತ ಇರುವೆಗಳನ್ನೆಲ್ಲ ಒಂದೇ ಮೂಲೇಲಿ ಯಾಕೆ ಇಡ್ತವೆ, ಅವಕ್ಕೆ ದುಃಖ ಆಗತ್ತಾ?

ಉತ್ತರ: ಎಷ್ಟು ಚೆನ್ನಾಗಿ ಗಮನಿಸಿದೀಯ ಪುಟ್ಟ! ಸುಮಾರು 140 ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಜಾನ್ ಲಬಕ್ ಅನ್ನೋರು ಎರಡು ಗಾಜಿನ ಹಲಗೆ ನಡುವೆ ಇರುವೆ ಸಾಕ್ತಿದ್ರು. ಅವರು ಗೂಡಿನ ಮೇಲೆ ಕಾಮನಬಿಲ್ಲಿನ ಥರ ಬೇರೆ ಬೇರೆ ಬಣ್ಣದ ಬೆಳಕು ಬೀಳಿಸಿ ನೋಡಿದ್ರು. ಇರುವೆಗಳು ನೇರಳೆ ಬೆಳಕು ಬಿದ್ದಲ್ಲಿಂದ, ಅದರ ಆಚೆ ನಮ್ಮ ಕಣ್ಣಿಗೆ ಕಾಣದೇ ಇರೋ ಅಲ್ಟ್ರಾವೈಲೆಟ್ ಬೆಳಕು ಬಿದ್ದಲ್ಲಿಂದ ಕೋಶಗಳನ್ನ ಎತ್ಕೊಂಡು ಓಡಿದ್ವು, ಕೆಂಪು ಬಿದ್ದ ಕಡೆ ಕತ್ತಲು ಇದ್ದ ಹಾಗೆ ಆರಾಮಾಗಿ ಇಟ್ವು. ಅಂದ್ರೆ ನಮಗೆ ಕಾಣದ್ದು ಅವಕ್ಕೆ ಕಾಣತ್ತೆ, ನಮಗೆ ಕಾಣೋ ಕೆಂಪು ಅವಕ್ಕೆ ಸರಿಯಾಗಿ ಕಾಣಲ್ಲ. ಅದಕ್ಕೇ ಕೆಂಪು ಪ್ಲಾಸ್ಟಿಕ್.

ಸತ್ತ ಇರುವೆ ವಿಷ್ಯ ಕಂಡುಹಿಡಿದವರು ಅಮೆರಿಕದ ವಿಜ್ಞಾನಿ ಎಡ್ವರ್ಡ್ ವಿಲ್ಸನ್ ಮತ್ತೆ ಅವರ ಜೊತೆಗಾರರು, 1958ರಲ್ಲಿ. ಇರುವೆ ಸತ್ತು ಒಂದೆರಡು ದಿನ ಆದ್ಮೇಲೆ ಮೈಯಿಂದ ಓಲಿಕ್ ಆಸಿಡ್ ಅನ್ನೋ ಎಣ್ಣೆಯಂಥ ವಸ್ತುವಿನ ವಾಸನೆ ಬರತ್ತೆ, ಆಗ ಮಿಕ್ಕವು ಅದನ್ನ ಕಸದ ಮೂಲೆಗೆ ಒಯ್ತವೆ. ಅವರು ಏನ್ ಮಾಡಿದ್ರು ಗೊತ್ತಾ, ಅದೇ ಆಸಿಡನ್ನ ಬದುಕಿರೋ ಇರುವೆಗೆ ಹಚ್ಚಿದ್ರು. ಅದು ಕಾಲು ಝಾಡಿಸ್ತಾ ಇದ್ರೂ ಎತ್ಕೊಂಡು ಹೋಗಿ ಮೂಲೆಗೆ ಹಾಕಿದ್ವು! ಮೈಯೆಲ್ಲ ಚೆನ್ನಾಗಿ ಒರೆಸ್ಕೊಂಡ ಮೇಲೇನೇ ಒಳಗೆ ಬಿಟ್ಕೊಂಡಿದ್ದು. ಅಂದ್ರೆ ಅವು ನಡೆಯೋದು ವಾಸನೆ ಹೇಳಿದ ಹಾಗೆ, ಸತ್ತದ್ದನ್ನ ದೂರ ಇಟ್ರೆ ಗೂಡಿಗೆ ರೋಗ ಬರೋದು ಕಮ್ಮಿ. ನೀನು ಆ ಮೂಲೆನ ವಾರಕ್ಕೊಮ್ಮೆ ಚಿಮುಟದಲ್ಲಿ ಕ್ಲೀನ್ ಮಾಡು, ಎಷ್ಟು ಸತ್ತಿವೆ ಅಂತ ಪುಸ್ತಕದಲ್ಲಿ ಬರೆದಿಡು. ಒಂದೇ ವಾರದಲ್ಲಿ ಆ ಸಂಖ್ಯೆ ಎರಡರಷ್ಟಾದ್ರೆ ಗೂಡಲ್ಲಿ ಏನೋ ತೊಂದ್ರೆ ಅಂತ ಮೊದ್ಲು ಗೊತ್ತಾಗೋದು ನಿಂಗೇನೇ.

ಪ್ರಶ್ನೆ: ಓದು ಜಾಸ್ತಿ ಆಯ್ತು, ಇನ್ನು ನೋಡ್ಕೊಳ್ಳೋಕೆ ಆಗ್ತಿಲ್ಲ. ಕೊಂಡು ತಂದ ಗೂಡು, ಯಾವ ಕಡೆಯ ಜಾತಿ ಗೊತ್ತಿಲ್ಲ. ತೋಟದಲ್ಲಿ ಬಿಟ್ಟುಬಿಟ್ರೆ ಬದುಕ್ಕೊಳ್ತವೆ ಅಲ್ವಾ?

ಉತ್ತರ: ಬದುಕ್ಕೊಂಡುಬಿಟ್ರೆ ಅನ್ನೋದೇ ನನ್ನ ಭಯ. ದಕ್ಷಿಣ ಅಮೆರಿಕದ ಕೆಂಪು ಬೆಂಕಿ ಇರುವೆ 1930ರ ದಶಕದಲ್ಲಿ ಅಮೆರಿಕದ ಮೊಬೀಲ್ ಬಂದರಲ್ಲಿ ಇಳೀತು, ಹಡಗಿನ ಸರಕಿನ ಜೊತೆ, ಯಾರೂ ಬೇಕು ಅಂತ ತಂದಿದ್ದಲ್ಲ. ಇವತ್ತು ಆ ದೇಶದ ದಕ್ಷಿಣ ಭಾಗದ ತುಂಬಾ ಅದೇ, ಅಲ್ಲಿ ಮೊದಲಿಂದ ಇದ್ದ ಇರುವೆ, ನೆಲದಲ್ಲಿ ಗೂಡು ಮಾಡೋ ಹಕ್ಕಿ ಎಲ್ಲಕ್ಕೂ ಕಷ್ಟ. ಬೇಗ ಬೆಳೆಯೋ ಜಾತಿಗಳೇ ಹೀಗೆ ಹೊಸ ಜಾಗದಲ್ಲಿ ಗೆಲ್ಲೋದು, ನಿಮಗೆ ಇಷ್ಟ ಆದ ಗುಣನೇ ಅಲ್ಲಿ ಅಪಾಯ. ಜಾತಿ ಗೊತ್ತಿಲ್ಲ ಅಂದ್ಮೇಲೆ ಒಂದು ಇರುವೆನೂ ಹೊರಗೆ ಬಿಡಬಾರ್ದು.

ಜಾತಿ ಕೇಳದೆ ಕೊಳ್ಳೋದೂ ಸರಿಯಲ್ಲ, ಇದನ್ನ ಎಲ್ಲರಿಗೂ ಹೇಳ್ತಿದೀನಿ. 2025ರಲ್ಲಿ ಕೀನ್ಯಾದಲ್ಲಿ ಬೆಲ್ಜಿಯಂನ ಇಬ್ಬರು ಹದಿಹರೆಯದ ಹುಡುಗರು ಸುಮಾರು 5,000 ರಾಣಿ ಇರುವೆಗಳನ್ನ ಟ್ಯೂಬ್‌ಗಳಲ್ಲಿ ತುಂಬಿಟ್ಕೊಂಡು ಸಿಕ್ಕಿಬಿದ್ರು, ಕೋರ್ಟ್ ದಂಡ ಹಾಕ್ತು. ಒಂದು ರಾಣಿ ಅಂದ್ರೆ ಕಾಡಲ್ಲಿ ಒಂದು ಪೂರ್ತಿ ಗೂಡು ಆಗಬೇಕಿದ್ದದ್ದು, ಅದನ್ನ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಹೊಟ್ಟೆ ಉರಿಯತ್ತೆ. ನಿಮ್ಮ ಸುತ್ತಮುತ್ತ ಇರೋ ಜಾತಿಯ ರಾಣಿನ ನೀವೇ ಹುಡುಕಿ ಸಾಕೋದೇ ಒಳ್ಳೇದು. ಶುರು ಮಾಡೋ ಮುಂಚೆ ಇನ್ನೊಂದು ಗೊತ್ತಿರ್ಲಿ, ಲೇಸಿಯಸ್ ನೈಗರ್ ಅನ್ನೋ ಕಪ್ಪಿರುವೆ ರಾಣಿ ಒಬ್ಬಳು ಸಾಕಿದ ಗೂಡಲ್ಲಿ ಹತ್ತಿರ ಹತ್ತಿರ 29 ವರ್ಷ ಬದುಕಿದ್ಲು. ಎಲ್ಲಾ ಜಾತಿಗೂ ಅಷ್ಟು ಆಯಸ್ಸಿಲ್ಲ, ಆದ್ರೂ ಇದು ಒಂದು ರಜಾ ಕಳೆಯೋಕೆ ತರೋ ಆಟದ ಸಾಮಾನಲ್ಲ.

ನಿಮ್ಮ ಗೂಡಿಗೆ ಈಗ ಏನು ಮಾಡ್ಬೇಕು ಅಂದ್ರೆ, ಅದೇ ಊರಲ್ಲಿ ಸಾಕೋ ಇನ್ನೊಬ್ರಿಗೆ ಕೊಡಿ, ಎಷ್ಟು ದಿನಕ್ಕೆ ಏನು ತಿನ್ನಿಸ್ತಿದ್ರಿ, ಎಷ್ಟು ಡಿಗ್ರಿ ಬಿಸಿಯಲ್ಲಿ ಇಟ್ಟಿದ್ರಿ ಅಂತ ಒಂದು ಚೀಟಿ ಬರೆದು ಜೊತೆಗಿಡಿ. ಯಾರೂ ಸಿಗಲಿಲ್ಲ ಅಂದ್ರೆ ಪ್ರೊಟೀನ್ ಇಳಿಸಿ, ಬಿಸಿ ತೆಗೆದು, ಮೇಲೆ ಹೇಳಿದ ಹಾಗೆ ಗೂಡನ್ನ ಚಿಕ್ಕದು ಮಾಡ್ಕೊಳ್ಳಿ, ಸಿಹಿ ನೀರು ತುಂಬೋಕೆ ವಾರಕ್ಕೆ ಹತ್ತು ನಿಮಿಷ ಸಾಕಾಗತ್ತೆ, ಅಷ್ಟರಲ್ಲಿ ಯಾರಾದ್ರೂ ಸಿಗಬಹುದು. ಅದೂ ಸಾಧ್ಯನೇ ಇಲ್ಲ ಅಂದಾಗ ಮಾತ್ರ ಮುಚ್ಚಿದ ಡಬ್ಬಿ ಸಮೇತ ಮೊದ್ಲು ಫ್ರಿಜ್‌ನಲ್ಲಿ ಇಟ್ಟು, ಓಡಾಟ ನಿಂತ ಮೇಲೆ ಫ್ರೀಜರ್‌ಗೆ ಹಾಕಿ ಎರಡು ಮೂರು ದಿನ ಬಿಡಿ. ಬರೆಯೋಕೆ ಕಷ್ಟ ಆಗ್ತಿದೆ ನಂಗೆ, ಆದ್ರೆ ತೋಟಕ್ಕೆ ಬಿಡೋದಕ್ಕಿಂತ ಅದು ಸರಿ. ಹಾಗೆ ಮಾಡೋ ಮುಂಚೆ ಇನ್ನೊಂದು ಸಲ ನಂಗೆ ಬರೀರಿ, ನಿಮ್ಮ ಊರಿನ ಹೆಸರು ಹಾಕಿ, ತಗೊಳ್ಳೋರು ಯಾರಾದ್ರೂ ಇದಾರಾ ಅಂತ ಮುಂದಿನ ಕಂತಲ್ಲಿ ಕೇಳಿ ನೋಡ್ತೀನಿ.